"ಬ್ರಾಂಚ್ ಮುಚ್ಚಿದ್ರೆ ನಮ್ಮ ಹುಡುಗನ ಡಿಗ್ರಿ ನಡೆಯುತ್ತಾ ಸರ್?"

ನಡೆಯುತ್ತೆ.

ಉತ್ತರ ಇಷ್ಟೇ. ಆದರೆ ಸಿಇಟಿ ಕೌನ್ಸೆಲಿಂಗ್ ಹತ್ತಿರ ಬಂತೆಂದರೆ ಎರಡನೇ ವರ್ಷ, ಮೂರನೇ ವರ್ಷದ ಇಂಜಿನಿಯರಿಂಗ್ ಮಕ್ಕಳ ಅಪ್ಪಂದಿರ ಫೋನು ಶುರು: "ಮೆಕ್ಯಾನಿಕಲ್ ತೆಗೀತಾರಂತೆ, ಸಿವಿಲ್ ತೆಗೀತಾರಂತೆ, ಡಿಗ್ರಿ ನಡೆಯುತ್ತಾ?" ಡಿಗ್ರಿ ಏನು ಹಳೇ ಐನೂರರ ನೋಟೇ, ಒಂದು ರಾತ್ರಿಯಲ್ಲಿ ನಡೆಯದೇ ಹೋಗಲು? ಇನ್ನು ಮೇಲೆ ಯಾರು ಕೇಳಿದರೂ ಈ ಬರಹ ಕಳಿಸುತ್ತೇನೆ.

ಪದವಿ ಕೊಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಕಾಲೇಜಲ್ಲ. ಬ್ರಾಂಚ್ ಮುಚ್ಚಲು ಕಾಲೇಜು ವಿಶ್ವವಿದ್ಯಾಲಯ ಮತ್ತು ರಾಜ್ಯ ಸರ್ಕಾರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಿಡಿದು, ತಾಂತ್ರಿಕ ಕಾಲೇಜುಗಳಿಗೆ ಅನುಮೋದನೆ ಕೊಡುವ ಕೇಂದ್ರದ ಸಂಸ್ಥೆ ಎಐಸಿಟಿಇಗೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಸಿಗುವುದು ಪ್ರೋಗ್ರೆಸಿವ್ ಕ್ಲೋಷರ್. ಅಂದರೆ ಮೊದಲ ವರ್ಷಕ್ಕೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ, ಒಳಗಿರುವವರನ್ನು ಕೊನೆಯ ಸೆಮಿಸ್ಟರ್ ತನಕ ಓದಿಸಲೇಬೇಕು. ಕಾಲೇಜಿಗೇ ಬೀಗ ಹಾಕುವ ಸಂಪೂರ್ಣ ಮುಚ್ಚುವಿಕೆ ಬೇರೆ. ಅಲ್ಲಿ ಇರುವ ಮಕ್ಕಳನ್ನು ಬೇರೆ ಕಾಲೇಜುಗಳಿಗೆ ಹಂಚಬೇಕಾಗುತ್ತದೆ.

ಗಾಳಿಸುದ್ದಿ ನಂಬಬೇಡಿ. ಎಐಸಿಟಿಇ ಕೊಡುವ ಅನುಮೋದನೆ ಪತ್ರ, ಆಫೀಸಿನಲ್ಲಿ ಎಲ್ಲರೂ ಇಒಎ ಅನ್ನುವುದು, ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ಅದರಲ್ಲಿ ಬ್ರಾಂಚುವಾರು ಹಿಂದಿನ ವರ್ಷದ ಇನ್‌ಟೇಕ್ (ಸೀಟುಗಳ ಸಂಖ್ಯೆ), ಈ ವರ್ಷದ ಇನ್‌ಟೇಕ್ ಅಕ್ಕಪಕ್ಕ ಇರುತ್ತವೆ. 60 ಇದ್ದದ್ದು 0 ಆಗಿದ್ದರೆ ಸುದ್ದಿ ನಿಜ. 60 ಇದ್ದದ್ದು 30 ಆಗಿದ್ದರೆ ಮ್ಯಾನೇಜ್‌ಮೆಂಟಿನ ಮನಸ್ಸು ಎಲ್ಲಿದೆ ಅಂತ ನೀವೇ ಊಹಿಸಿಕೊಳ್ಳಿ.

ಕೋರ್ಸಿನ ಸ್ವರೂಪವೇ ಬದಲಾದಾಗಲೂ ನಿಯಮ ಇದೇ. ರಾಜ್ಯದಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಂಥ ಕೋರ್ಸುಗಳಿಗೆ 2021-22ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದರು. ನಡುವೆ ಸೇರಿದವರು ಸೇರಿದ ಪದ್ಧತಿಯಲ್ಲೇ ಮುಂದುವರಿದರು.

ಡಿಗ್ರಿ ಬಗ್ಗೆ ಕೇಳುವವರು ಇದನ್ನು ಮಾತ್ರ ಕೇಳಲ್ಲ: "ನಮ್ಮವನು ಒಂದು ವರ್ಷ ಹಿಂದೆ ಬಿದ್ದರೆ ಯಾವ ಬ್ಯಾಚಿಗೆ ಸೇರ್ತಾನೆ?" ಅವನು ಕೊನೆಯ ಬ್ಯಾಚಿನವನಾದರೆ ಯಾವುದಕ್ಕೂ ಇಲ್ಲ. ಅವನ ಹಿಂದೆ ಬ್ಯಾಚೇ ಇಲ್ಲವಲ್ಲ!

ಇಲ್ಲಿ ಎರಡು ಬಗೆಯ ಫೇಲು ಉಂಟು. ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಫೇಲಾದವನಿಗೆ ಭಯವಿಲ್ಲ. ಸಿಐಇ, ಅಂದರೆ ಕಾಲೇಜೇ ಕೊಡುವ ಇಂಟರ್ನಲ್ ಅಂಕ, ಹಾಗೇ ಉಳಿಯುತ್ತದೆ, ಪೇಪರ್ ವಿಟಿಯು ಕೊಡುತ್ತದೆ, ಬಂದು ಬರೆದು ಹೋದರಾಯಿತು. ನಾಲ್ಕು ವರ್ಷದ ಬಿ.ಇ. ಮುಗಿಸಲು ಎಂಟು ವರ್ಷ ಅವಕಾಶ ಇದೆ. ಆದರೆ ವಿಟಿಯುವಿನ 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಸಿಐಇ 50ಕ್ಕೆ 20 ಬರಲಿಲ್ಲ, ಅಥವಾ ಹಾಜರಿ 85 ಪರ್ಸೆಂಟ್ ಇಲ್ಲ, ವಿನಾಯಿತಿಗೆ ಬೇಕಾದ 75 ಕೂಡ ಮುಟ್ಟಲ್ಲ ಅಂದರೆ ಅವನು ಎನ್‌ಇ (ನಾಟ್ ಎಲಿಜಿಬಲ್), ಪರೀಕ್ಷೆಗೇ ಕೂರುವಂತಿಲ್ಲ. ಆ ವಿಷಯವನ್ನು ಮತ್ತೆ ಕ್ಲಾಸಿನಲ್ಲಿ ಕೂತು ಓದಬೇಕು. ಕ್ಲಾಸ್ ಎಲ್ಲಿದೆ? ಹಾಗಾಗಿ ಕೊನೆಯ ಬ್ಯಾಚಿನ ಅಪ್ಪ ಅಮ್ಮ ನೋಡಬೇಕಾದ್ದು ರಿಸಲ್ಟನ್ನಲ್ಲ, ತಿಂಗಳು ತಿಂಗಳ ಹಾಜರಿಯನ್ನು. ಸೆಮಿಸ್ಟರ್ ಮುಗಿದ ಮೇಲೆ ಬಂದು ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಮುಂದೆ ಅತ್ತರೆ ಅವರೂ ಏನೂ ಮಾಡಲಾಗದು.

ಮೇಷ್ಟ್ರುಗಳ ವಿಷಯವೂ ಕೇಳಿ. ಎಐಸಿಟಿಇ ಲೆಕ್ಕ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ. ಕೊನೆಯ ವರ್ಷ 15 ಜನ ಉಳಿದರೆ ಕಾಗದದ ಮೇಲೆ ಒಬ್ಬರೇ ಸಾಕು, ಆ ಒಬ್ಬರೇ ಥರ್ಮಲ್ಲೂ ಡಿಸೈನೂ ಪಾಠ ಮಾಡಲಿ ಅಂತ! ಅನುಭವ ಇರುವವರು ಅಷ್ಟು ಹೊತ್ತಿಗೆ ಬೇರೆ ಕೆಲಸ ನೋಡಿಕೊಂಡಿರುತ್ತಾರೆ. ಎಲೆಕ್ಟಿವ್, ಅಂದರೆ ವಿದ್ಯಾರ್ಥಿಯೇ ಆರಿಸಿಕೊಳ್ಳುವ ವಿಷಯ, ಅದರ ಆಯ್ಕೆಯೂ ಹೆಸರಿಗಷ್ಟೇ. ಒಂದು ಎಲೆಕ್ಟಿವ್ ನಡೆಸಲು ಕನಿಷ್ಠ 10 ಜನ ಬೇಕು, ಬ್ರಾಂಚಿನಲ್ಲೇ ಅಷ್ಟು ಜನ ಇಲ್ಲದಿದ್ದರೆ ಮಾತ್ರ ರಿಯಾಯಿತಿ. 15 ಜನರಲ್ಲಿ ಎಂಟು ಜನ ಒಂದು, ಏಳು ಜನ ಇನ್ನೊಂದು ಕೇಳಿದರೆ ಎರಡೂ ನಡೆಯಲ್ಲ.

ಕಾಲೇಜು ಬದಲಾಯಿಸುವುದೇ ಆದರೆ ಸೆಮಿಸ್ಟರ್ ನಡುವೆ ಆಗಲ್ಲ. ವಿಟಿಯು ಅರ್ಜಿ ಕರೆದಾಗ, ಸೇರಬೇಕಾದ ಕಾಲೇಜಿನಲ್ಲಿ ಅದೇ ಬ್ರಾಂಚಿನ ಸೀಟು ಖಾಲಿ ಇದ್ದರೆ, ಎರಡೂ ಕಾಲೇಜಿನ ಪ್ರಾಂಶುಪಾಲರ ಎನ್‌ಒಸಿ ಜೊತೆ ಹಾಕಬೇಕು. ಅಟಾನಮಸ್ ಕಾಲೇಜಿನವರಿಗೆ ಇನ್ನೊಂದು ತಲೆನೋವು: ಸಿಲಬಸ್ಸು ಕಾಲೇಜಿನದ್ದೇ, ಪರೀಕ್ಷೆ ನಡೆಸುವುದೂ ಕಾಲೇಜೇ, ಹಾಗಾಗಿ ಕ್ರೆಡಿಟ್ ತಾಳೆಯಾಗದ ವಿಷಯ ಹೆಚ್ಚುವರಿಯಾಗಿ ಓದಬೇಕಾಗಬಹುದು. ಓದಿದ ಅಷ್ಟೂ ಸೆಮಿಸ್ಟರಿನ ಸಿಲಬಸ್ ಪ್ರತಿಗೆ ಸೀಲು ಹಾಕಿಸಿಕೊಂಡು ಹೊರಡಿ. ಬ್ಯಾಕ್‌ಲಾಗ್ ಪರೀಕ್ಷೆ ಯಾವ ವರ್ಷದವರೆಗೆ ನಡೆಸುತ್ತಾರೆ ಅನ್ನುವುದನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವುದನ್ನು ಯುಜಿಸಿ, ಎಐಸಿಟಿಇ ಎರಡೂ ನಿಷೇಧಿಸಿವೆ. "ಫೀಸ್ ಬಾಕಿ ಇದೆ" ಅಂತ ಕ್ಲರ್ಕ್ ಹೇಳಿದರೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಾಷನ್ ಡೆಪಾಸಿಟ್ ರಸೀದಿ ಹುಡುಕಿಡಿ. ಕಾಲೇಜು ಬದಲಾದ ಮೇಲೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಹೊಸ ಕಾಲೇಜಿನ ಹೆಸರು ಬಂದಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ವಿದ್ಯಾರ್ಥಿವೇತನ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ನನಗೆ ಫೋನ್ ಮಾಡಬೇಡಿ, ಹೊಸ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡುವವರಿಗೆ ಮಾಡಿ.