ನನಗೆ ಸುದ್ದಿ ಕಳಿಸುವವರಿಗೆ

ನಾನು ಬರೆಯುವುದು ಸರ್ಕಾರಿ ಯೋಜನೆ, ಕಾಯ್ದೆಗಳ ಬಗ್ಗೆ. ವಾಟ್ಸಾಪ್‌ನಲ್ಲಿ ಬರುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಥರ: 'ಭ್ರಷ್ಟಾಚಾರದ ಬಗ್ಗೆ ಬರೀರಿ ಸಾರ್.' ಬರೆಯೋಣ. ಯಾವ ಕಚೇರಿ, ಯಾವ ಅರ್ಜಿ?

ಸಕಾಲವನ್ನೇ ನೋಡಿ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಎನ್ನುವ 2011ರ ಕಾಯ್ದೆ. ಅರ್ಜಿ ಕೊಟ್ಟಾಗ ಕಚೇರಿಯವರು 15 ಅಂಕಿಯ ನಂಬರ್ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. 'ತಾಲ್ಲೂಕು ಕಚೇರಿಯಲ್ಲಿ ಸತಾಯಿಸುತ್ತಾರೆ' ಎಂದು ಬರೆದರೆ ನಾನು ಸುಮ್ನೆ ತಲೆಯಾಡಿಸಬಹುದು, ಅಷ್ಟೇ. 'ಅರ್ಜಿ ತೆಗೆದುಕೊಂಡರು, ನಂಬರ್ ಕೊಡಲಿಲ್ಲ, ನಮ್ಮೂರಿನ ಇನ್ನೂ ಕೆಲವು ಮನೆಯವರಿಗೂ ಹೀಗೇ ಆಗಿದೆ' ಎಂದು ಬರೆದರೆ ಮರುದಿನವೇ ಬಸ್ ಹತ್ತುತ್ತೇನೆ. ನಂಬರ್ ಇಲ್ಲದಿದ್ದರೆ ತಡವಾದದ್ದು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ಅರ್ಜಿ ತಿರಸ್ಕರಿಸಿದ ಹಿಂಬರಹ ಇದ್ದರೆ ಫೋಟೊ ಕಳಿಸಿ. ಆರ್‌ಟಿಐ ಹಾಕಿದ್ದರೆ ಉತ್ತರದ ಪ್ರತಿ. ಯಾರ ಹೆಸರು ಹಾಕಬಾರದು ಎಂದು ಮೊದಲೇ ಹೇಳಿಬಿಡಿ, ಅಚ್ಚಾದ ಮೇಲೆ ಅಲ್ಲ.

ಸಂಸ್ಥೆಗಳವರೇ, ನಿಮ್ಮ ಪ್ರೆಸ್ ನೋಟ್‌ನಲ್ಲಿ ಸಚಿವರ ಫೋಟೊ ಜಾಸ್ತಿ, ಫಲಾನುಭವಿಯ ಒಂದು ಮಾತೂ ಇರುವುದಿಲ್ಲ. ಅವರನ್ನು ಭೇಟಿ ಮಾಡಿಸಿ, ಸಾಕು.

ಸಂಜೆ ಐದರ ಮೇಲೆ ಫೋನ್ ಮಾತ್ರ ಬೇಡ. ಆಗ ಡೆಸ್ಕ್‌ನವರ ಕಾಟ.