ಎಂಡೋಸ್ಕೋಪಿ ನಾರ್ಮಲ್, ಎದೆಯುರಿ ಮಾತ್ರ ಹಾಗೇ

ಎಂಡೋಸ್ಕೋಪಿ ರಿಪೋರ್ಟ್ ನಾರ್ಮಲ್ ಅಂತ ಬಂದಾಗ ಮನೆಯವರಿಗೆಲ್ಲ ಸಮಾಧಾನವಾಯಿತು. ನನಗೆ ಆಗಲಿಲ್ಲ. ಉರಿ ಹಾಗೇ ಇತ್ತಲ್ವಾ! ಎಂಡೋಸ್ಕೋಪಿಯಲ್ಲಿ ಕಾಣುವುದು ಅನ್ನನಾಳದ ಒಳಗಿನ ಗಾಯ, ಹುಣ್ಣು. ಆಸಿಡ್ ಮೇಲೆ ಬರುತ್ತಿದ್ದರೂ ಎಷ್ಟೋ ಜನರಿಗೆ ಗಾಯವೇ ಆಗಿರುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಅನ್ನನಾಳಕ್ಕೆ ಆಸಿಡ್ ಎಷ್ಟು ಹೊತ್ತು ಬರುತ್ತದೆ ಎಂದು ಅಳೆಯುವ 24 ಗಂಟೆಯ ಪಿಎಚ್ ಪರೀಕ್ಷೆ ಬರೆದುಕೊಟ್ಟರು.

ಅದಕ್ಕೆ ಒಂದು ವಾರ ಮೊದಲೇ ಆಸಿಡ್ ಕಡಿಮೆ ಮಾಡುವ ಮಾತ್ರೆ ನಿಲ್ಲಿಸಬೇಕಿತ್ತು. ಪರೀಕ್ಷೆಗಿಂತ ಆ ವಾರವೇ ಕಷ್ಟವಾಯಿತು.

ಮೊದಲು ಮ್ಯಾನೋಮೆಟ್ರಿ, ಅಂದರೆ ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ. ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚಿ ತೆಳ್ಳನೆಯ ನಳಿಕೆ ಇಳಿಸಿದರು. ಗಂಟಲಿಗೆ ಬಂದಾಗ ಕಣ್ಣಲ್ಲಿ ನೀರು ಬಂತು. 'ನುಂಗಿ, ನುಂಗ್ತಾ ಇರಿ, ಆಯ್ತು' ಎಂದು ಸಿಸ್ಟರ್ ಭುಜ ಹಿಡಿದುಕೊಂಡೇ ಇದ್ದರು. ಆಮೇಲೆ 5 ಮಿಲಿ ನೀರು ಬಾಯಿಗೆ ಬಿಟ್ಟು ಒಂದೇ ಸಲ ನುಂಗಲು ಹೇಳಿದರು. ಹೀಗೆ 10 ಗುಟುಕು. ಪ್ರತಿ ಗುಟುಕಿಗೂ ಪರದೆಯಲ್ಲಿ ಬಣ್ಣದ ಪಟ್ಟಿಯೊಂದು ಓರೆಯಾಗಿ ಇಳಿಯುತ್ತಿತ್ತು. ಅನ್ನನಾಳ ಹಿಂಡಿ ನೀರನ್ನು ಕೆಳಕ್ಕೆ ತಳ್ಳುವ ಒತ್ತಡ ಅದು. ಅನ್ನನಾಳದ ಕೆಳತುದಿಯನ್ನು ಮುಚ್ಚಿಡುವ ಬಿಗಿಸ್ನಾಯು ಎಲ್ಲಿದೆ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ. ಪಿಎಚ್ ಸೆನ್ಸರನ್ನು ಅದಕ್ಕಿಂತ 5 ಸೆಂಟಿಮೀಟರ್ ಮೇಲೆ ಕೂರಿಸಬೇಕು.

ಎರಡನೇ ನಳಿಕೆ ಇನ್ನೂ ಸಣ್ಣದು. ಕೆನ್ನೆಗೆ ಟೇಪ್ ಅಂಟಿಸಿ, ಸೊಂಟಕ್ಕೆ ರೆಕಾರ್ಡರ್ ಕಟ್ಟಿ ಮನೆಗೆ ಕಳಿಸಿದರು. ದಿನಾ ಹೇಗಿರುತ್ತೀರೋ ಹಾಗೇ ಇರಿ, ಊಟ ಬಿಡಬೇಡಿ, ಉರಿ ಬಂದ ತಕ್ಷಣ ಬಟನ್ ಒತ್ತಿ ಎಂದರು. ಊಟಕ್ಕೊಂದು, ಮಲಗುವುದಕ್ಕೊಂದು ಬಟನ್ ಬೇರೆ. ರಾತ್ರಿ ಎದೆ ಚುರುಗುಟ್ಟಿ ಎಚ್ಚರವಾದಾಗಲೂ ಕತ್ತಲಲ್ಲೇ ತಡಕಾಡಿ ಒತ್ತಿದೆ, ಗಂಟೆ ನೋಡಿ ಚೀಟಿಯಲ್ಲಿ ಬರೆದೆ. ನಳಿಕೆಯಿಂದ ಬೇರೆ ತೊಂದರೆಯೇನಿಲ್ಲ, ನುಂಗುವಾಗ ಗಂಟಲಲ್ಲಿ ಏನೋ ತಡೆದಂತಾಗುತ್ತಿತ್ತು, ಅಷ್ಟೇ.

ಪಿಎಚ್ ಇಳಿದಷ್ಟೂ ಆಸಿಡ್ ಜಾಸ್ತಿ ಎಂದರ್ಥ. ಅದು 4ಕ್ಕಿಂತ ಕೆಳಗಿರುವ ಹೊತ್ತು ದಿನದ 6 ಶೇಕಡಾ ದಾಟಿದರೆ ರಿಫ್ಲಕ್ಸ್ (ಆಸಿಡ್ ಮೇಲೆ ಬರುವ ಕಾಯಿಲೆ) ಖಚಿತ, 4 ಶೇಕಡಾದೊಳಗಿದ್ದರೆ ಸಹಜ. ನನ್ನದು ನಾಲ್ಕರೊಳಗೇ ಇತ್ತು. ಆದರೆ ಡಾಕ್ಟರ್ ಅಲ್ಲಿಗೇ ಬಿಡಲಿಲ್ಲ. ಗ್ರಾಫ್ ಮುಂದಿಟ್ಟು ನಾನು ಬಟನ್ ಒತ್ತಿದ ಗುರುತುಗಳನ್ನು ತೋರಿಸಿದರು. ಹೆಚ್ಚುಕಮ್ಮಿ ಪ್ರತಿ ಗುರುತಿಗೂ ಸ್ವಲ್ಪ ಮೊದಲು ಆಸಿಡ್ ಒಂಚೂರು ಮೇಲೇರಿತ್ತು. ಬರುವುದು ಸ್ವಲ್ಪವೇ, ಅನ್ನನಾಳದ ನರಗಳು ಅದನ್ನೇ ಜಾಸ್ತಿ ಮಾಡಿ ತಿಳಿಸುತ್ತಿವೆ ಎಂದರು. ನಾನು ಸುಮ್ನೆ ಹೇಳುತ್ತಿರಲಿಲ್ಲ ಎಂಬುದು ಕಾಗದದ ಮೇಲೆ ಕಂಡಾಗ ಅಳುವೇ ಬಂತು.

ಆಸಿಡ್ ಮಾತ್ರೆಯ ಡೋಸ್ ಏರಿಸುವ ಮಾತು ಅಲ್ಲಿಗೆ ನಿಂತಿತು. ನರಗಳನ್ನು ಶಾಂತ ಮಾಡುವ ಔಷಧ ಸಣ್ಣ ಡೋಸಿನಲ್ಲಿ ಶುರುವಾಯಿತು.