ಹೃದಯದ ತೊಂದರೆ ಇರುವ ಮಗುವನ್ನು ಆಟಕ್ಕೆ ಬಿಡಬಹುದೇ?

ಚಿಕ್ಕಂದಿನಲ್ಲಿ ನನಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು ಎಂದು ತಿಳಿದವರು, ತಮ್ಮ ಬಳಗದಲ್ಲಿ ಅಂಥ ಮಗುವಿದ್ದರೆ, ತಪ್ಪದೆ ಕೇಳುವ ಪ್ರಶ್ನೆ ಇದು. ಬಹುಪಾಲು ಮಕ್ಕಳ ವಿಷಯದಲ್ಲಿ ನನ್ನ ಉತ್ತರ ಹೌದು ಎಂದೇ. ಆದರೆ ವೈದ್ಯರೇ ಹೌದೆಂದ ಮೇಲೂ ಎಷ್ಟೋ ಮಕ್ಕಳು ಮೈದಾನದ ಅಂಚಿನಲ್ಲೇ ಕುಳಿತಿರುತ್ತಾರೆ ಎಂಬುದನ್ನೂ ಸೇರಿಸದೆ ಈ ಉತ್ತರ ಪೂರ್ಣವಾಗುವುದಿಲ್ಲ.

ಹುಟ್ಟುವ ಪ್ರತಿ 100 ಶಿಶುಗಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲಿ ದೋಷವಿರುತ್ತದೆ. ಇವರಲ್ಲಿ ಹೆಚ್ಚಿನವರಿಗೆ ವ್ಯಾಯಾಮ ಬೇಕೇ ಬೇಕು. ದೇಹದಿಂದ ಮರಳುವ ರಕ್ತವನ್ನು ನೇರವಾಗಿ ಶ್ವಾಸಕೋಶಕ್ಕೆ ಹರಿಸುವ ಫಾಂಟನ್ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳಲು ಪ್ರತ್ಯೇಕ ಹೃತ್ಕುಕ್ಷಿ (ರಕ್ತ ತಳ್ಳುವ ಹೃದಯದ ಕೋಣೆ) ಇರುವುದಿಲ್ಲವಾದ್ದರಿಂದ, ಕಾಲಿನ ಸ್ನಾಯುಗಳು ಹಿಂಡಿದಾಗ ರಕ್ತ ಮೇಲೇರಲು ಸಿಗುವ ನೆರವು ಅವರಿಗೆ ಉಳಿದವರಿಗಿಂತ ಹೆಚ್ಚು ಮುಖ್ಯ. ನಿಜವಾದ ನಿರ್ಬಂಧಗಳೂ ಇವೆ: ಹೃದಯ ಬಡಿತದ ಲಯ ತಪ್ಪಿಸಬಲ್ಲ ಲಾಂಗ್ ಕ್ಯೂಟಿ ತೊಂದರೆಯ ಒಂದು ಬಗೆಯಲ್ಲಿ ಈಜು ಅಪಾಯ ತರಬಹುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವವರಿಗೆ ಮೈಗೆ ಮೈ ತಾಗುವ ಆಟಗಳು ಸಲ್ಲವು. ಇವನ್ನು ತಪಾಸಣೆ ಮಾಡಿದ ವೈದ್ಯರು ನಿರ್ಧರಿಸಬೇಕೇ ಹೊರತು ನೆರೆಹೊರೆಯವರ ಕನಿಕರವಲ್ಲ.

ನನ್ನನ್ನು ಆಡಬೇಡ ಎಂದು ಯಾರೂ ಗದರಲಿಲ್ಲ, ಕರೆಯಲೂ ಇಲ್ಲ. ವ್ಯಾಯಾಮದ ಅವಧಿಯಲ್ಲಿ ಗೆಳತಿಯರ ಚಪ್ಪಲಿ, ಚೀಲಗಳನ್ನು ಕಾಯುವುದು ನನ್ನ ಕೆಲಸವಾಗಿತ್ತು. ಶಿಕ್ಷಕರು ಕ್ರೂರಿಯಲ್ಲ, ‘ಸುಸ್ತಾಗದಂತೆ ನೋಡಿಕೊಳ್ಳಿ’ ಎಂಬ ಒಂದೇ ಮಾತು ಅವರ ಕೈಯಲ್ಲಿತ್ತು, ಏನಾದರೂ ಆದರೆ ಹೊಣೆ ಯಾರದು ಎಂಬ ಭಯ ಅದರ ಬೆನ್ನಿಗಿತ್ತು. ತೀವ್ರ ನಿಗಾ ಘಟಕದ ಹೊರಗೆ ರಾತ್ರಿಗಳನ್ನು ಕಳೆದ ಅಮ್ಮನಿಗೆ ನನ್ನ ಏದುಸಿರು ಕೇಳಿದೊಡನೆ ಆ ರಾತ್ರಿಗಳೇ ನೆನಪಾಗುತ್ತಿದ್ದವು. ಓರಗೆಯವರು ಒಮ್ಮೊಮ್ಮೆ ಸೇರಿಸಿಕೊಂಡರೂ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಔಟಾದರೂ ಔಟಲ್ಲ ಎನ್ನುವ ಆ ರಿಯಾಯಿತಿ ಹೊರಗಿಡುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ಕೊನೆಗೆ ಈ ಭಯ ಮಗುವಿನದೇ ಆಗಿಬಿಡುತ್ತದೆ. ಅಭ್ಯಾಸವಿಲ್ಲದ ಯಾರಿಗಾದರೂ ಓಡಿದರೆ ಉಸಿರು ಕಟ್ಟುತ್ತದೆ. ಅದನ್ನೇ ಹೃದಯ ಸೋಲುತ್ತಿರುವ ಸೂಚನೆಯೆಂದು ತಿಳಿದು ನಾನು ನಿಲ್ಲುತ್ತಿದ್ದೆ, ನಿಂತಷ್ಟೂ ಮೈ ಸೊರಗುತ್ತಿತ್ತು, ಮುಂದಿನ ಸಲ ಇನ್ನೂ ಬೇಗ ಏದುಸಿರು ಬರುತ್ತಿತ್ತು. ಹದಿಹರೆಯದಲ್ಲಿ ಇದರ ಜೊತೆಗೆ ಎದೆಯ ಗಾಯದ ಗುರುತನ್ನು ಮುಚ್ಚಿಕೊಳ್ಳುವ ಸಂಕೋಚವೂ ಸೇರಿತು.

ಆದ್ದರಿಂದ ಪ್ರಶ್ನೆ ಕೇಳಿದ ತಂದೆತಾಯಿಗಳಿಗೆ ನಾನು ಹೇಳುವುದು: ‘ಆಡಬಹುದೇ’ ಎಂದು ಕೇಳಿ ಸುಮ್ಮನಾಗದೆ, ಯಾವ ಆಟ, ಎಷ್ಟು ಬಿರುಸಿನಿಂದ, ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಶಾಲೆಗೆ ಕೊಡಿ. ಆಡುವಾಗ ಎದೆನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದೂ ಆ ಹಾಳೆಯಲ್ಲಿರಲಿ. ಬೀಟಾ ಬ್ಲಾಕರ್ ಮಾತ್ರೆ ನಾಡಿಬಡಿತ ಹೆಚ್ಚು ಏರದಂತೆ ತಡೆಯುವುದರಿಂದ ಅಂಥ ಮಕ್ಕಳಲ್ಲಿ ನಾಡಿ ಎಣಿಸಿ ಆಯಾಸವನ್ನು ಅಳೆಯಲಾಗದು. ಆಡುತ್ತಲೇ ಮಾತನಾಡಲು ಸಾಧ್ಯವೇ ಎಂದು ಗಮನಿಸುವುದು ಮೇಲು. ಇನ್ನೊಂದು ಮಾತನ್ನು ಶಿಕ್ಷಕರಿಗೆ ನೇರವಾಗಿ ಹೇಳಿ: ದಣಿವಾದಾಗ ಯಾರ ಅಪ್ಪಣೆಯನ್ನೂ ಕೇಳದೆ ಕುಳಿತುಕೊಳ್ಳಲು, ಸುಧಾರಿಸಿಕೊಂಡ ಮೇಲೆ ಹಾಗೆಯೇ ಎದ್ದು ಆಟಕ್ಕೆ ಮರಳಲು ಮಗುವಿಗೆ ಬಿಡಬೇಕು.